ನಮ್ಮ ಕಾಂಪೌಂಡಿಗೆ ಬರುವ ಎಸ್ ತಿರುವು

ರಸ್ತೆ ಮಾಡುವವರ ಜೊತೆ ಜಗಳ ಸಾಕು ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಯಾರಾದರೂ ಬಂದು ನಮ್ಮ ಗೋಡೆಗೆ ಗುದ್ದುತ್ತಾರೆ.

ಹಾಲಿನವನು

ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆ ಮುಂದೆ ರಸ್ತೆ ನೆಟ್ಟಗೆ ಬಂದು, ಹೇಳದೆ ಕೇಳದೆ ಎಡಕ್ಕೆ ತಿರುಗಿ, ತಕ್ಷಣ ಬಲಕ್ಕೂ ತಿರುಗುತ್ತದೆ. ಸ್ಟೇರಿಂಗ್ ತಿರುಗಿಸುವಷ್ಟರಲ್ಲಿ ಗಾಡಿ ಕಾಂಪೌಂಡಿನಲ್ಲಿರುತ್ತದೆ. ಒಳಗೆ ನಮ್ಮಮ್ಮ ಬಿಸಿಲು ಕಾಯಿಸುತ್ತಾ ಕೂತಿರುತ್ತಾಳೆ. ದೂರು ಕೊಟ್ಟರೆ ಇಲಾಖೆಯ ಇಂಜಿನಿಯರ್, ಡ್ರೈವರ್ ಕುಡಿದಿರಬೇಕು ಅಂದರು. ಗುದ್ದಿದ್ದು ಬೆಳಗಿನ ಹಾಲಿನ ವ್ಯಾನು.

"ಹೌದು ಸಾರ್, ಹಾಲು ಕುಡಿದಿದ್ದ" ಅಂದೆ.

ಕೆಂಪು ಗೆರೆ

ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಸೈಬರ್ ಸೆಂಟರಿನಲ್ಲಿ ಕೂತು ಓದಿಕೊಂಡೆ. ನೇರ ರಸ್ತೆಗೂ ತಿರುವಿಗೂ ನಡುವೆ ಮೆಲ್ಲಗೆ ಬಾಗುವ ಒಂದು ತುಂಡು ಇರಬೇಕು. ಅದಕ್ಕೆ ಸ್ಪೈರಲ್ ಅಂತಾರೆ. ನಮ್ಮದೆಲ್ಲಿ ಅಂತ ಕೇಳಲು ಯಲಹಂಕದಲ್ಲಿ ಈ ರಸ್ತೆಯ ನಕ್ಷೆ ಮಾಡಿದವರ ಆಫೀಸಿಗೆ ಹೋದೆ. ಡಿಸೈನರ್ ಕಂಪ್ಯೂಟರ್ ತೆರೆದ. ಎರಡು ತಿರುವಿಗೂ ಸ್ಪೈರಲ್ ಹಾಕಿದರೆ ಜಾಗ ಸಾಲದೆ ಒಂದರ ಮೇಲೊಂದು ಹತ್ತಿ, ಸಾಫ್ಟ್‌ವೇರು ತಪ್ಪು ಅಂತ ಕೆಂಪು ಗೆರೆ ತೋರಿಸುತ್ತಿತ್ತಂತೆ. ಅದಕ್ಕೇ ಸ್ಪೈರಲ್ಲಿನ ಉದ್ದ ಸೊನ್ನೆ ಅಂತ ಕೊಟ್ಟನಂತೆ.

"ಕೆಂಪು ಹೋಯ್ತಲ್ಲ ಸಾರ್" ಅಂದ, ಪರೀಕ್ಷೆ ಪಾಸಾದವನ ಹಾಗೆ.

ಇಂಜಿನ್ ಕಾದಿದೆ ಅಂತ ದೀಪ ಹತ್ತಿದರೆ ಬಲ್ಬ್ ಕಿತ್ತು ಬಿಸಾಡುವ ಪೈಕಿ ಇವರು.

ಧರಣಿ

ನಾನು, ಅಕ್ಕಪಕ್ಕದವರು ಆ ತಿರುವಿನಲ್ಲೇ ಧರಣಿ ಕೂತೆವು. ಇನ್ಸ್‌ಪೆಕ್ಟರ್ ಓಡಿಬಂದರು.

"ಇಲ್ಲಿ ಕೂತ್ರೆ ಗಾಡಿ ಬಂದು ಗುದ್ದುತ್ವೆ ಕಣ್ರೀ. ನೆಟ್ಟಗಿರೋ ಕಡೆ ಹೋಗಿ ಕೂತ್ಕೊಳ್ಳಿ."

ಇದನ್ನೇ ಬರೆದು ಸಹಿ ಹಾಕಿಕೊಡಿ, ಈಗಲೇ ಏಳ್ತೀವಿ ಅಂದೆ. ಸಹಿ ಹಾಕಲಿಲ್ಲ, ನಮ್ಮನ್ನು ಜೀಪಿಗೆ ಹಾಕಿದರು. ಜೀಪು ಹೊರಟು, ಅದೇ ತಿರುವಿನಲ್ಲಿ ನಮ್ಮ ಗೋಡೆಗೆ ಗುದ್ದಿತು. ಆ ಡ್ರೈವರ್ ಕುಡಿದಿದ್ದ ಅಂತ ಮಾತ್ರ ಯಾರೂ ಹೇಳಲಿಲ್ಲ.

ಗೆಲುವು

ಕೊನೆಗೂ ಇಲಾಖೆಯವರು ಮಣಿದರು. ಡಿಸೈನರ್ ನನ್ನನ್ನು ಕರೆಸಿ ಹೊಸ ನಕ್ಷೆ ತೋರಿಸಿದ. ಎರಡು ತಿರುವನ್ನೂ ದೂರ ಸರಿಸಿ, ನಡುವೆ ಸ್ಪೈರಲ್ ಕೂರಿಸಿದ್ದ. ಎಲ್ಲೂ ಕೆಂಪಿಲ್ಲ. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಸಾರ್ಥಕ ಅನ್ನಿಸಿ, ಗೆರೆಯ ಮೇಲೆ ಬೆರಳಿಟ್ಟು ಸಾಗಿದೆ. ಗೆರೆ ನಮ್ಮ ಗೋಡೆ ದಾಟಿತು, ಅಮ್ಮ ಕೂರುವ ಜಗಲಿ ದಾಟಿತು, ಅಡುಗೆಮನೆ ಹೊಕ್ಕು ಹಿತ್ತಲಿಗೆ ಹೊರಟಿತು.

"ನೀವು ಕೇಳಿದ ಹಾಗೇ ಮಾಡಿದೀನಿ ಸಾರ್" ಅಂದ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಕೂತಲ್ಲಿಂದ ಏಳಲಿಲ್ಲ.

"ಹಾಲಿನ ವ್ಯಾನೇ ವಾಸಿ ಕಣಪ್ಪ. ಅದು ಗೋಡೆ ತಾವಾದ್ರೂ ನಿಂತ್ಕೊಳ್ತಿತ್ತು."