ಕಾಕಾನ ಅಂಟುವ ಲೆಕ್ಕ

ಜಗತ್ತಿನಲ್ಲಿ ಯಾವುದು ಯಾವುದಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ನಮ್ಮ ಕಾಕಾ ಲೆಕ್ಕ ಹಾಕಿ ಹೇಳುತ್ತಿದ್ದರು. ತಾವು ಮಾತ್ರ ಯಾರಿಗೂ ಅಂಟಲಿಲ್ಲ!

ಅರವತ್ತರ ದಶಕದ ಮಾತು. ಅಪ್ಪನ ತಮ್ಮನಾದ ಅವರು ವಿಜಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಉಳಿದ ಹೊತ್ತೆಲ್ಲ ಒಂದೇ ಧ್ಯಾನ: ರಕ್ತದ ಹಿಮೋಗ್ಲೋಬಿನ್ನಿಗೆ ಪ್ರಾಣವಾಯು ಹೇಗೆ ಅಂಟುತ್ತದೆ ಎಂಬುದಕ್ಕೊಂದು ಸಮೀಕರಣ. ಗ್ರಾಫ್ ಹಾಳೆಯ ಮೇಲೆ ಹಾವಿನಂಥ ಗೆರೆ ಎಳೆದು ನೋಡುತ್ತ ಕೂತರೆ ಮುಂದಿನ ಚಹಾ ಆರಿ ಕೆನೆಗಟ್ಟುತ್ತಿತ್ತು.

ಅವರಿಗೆ ಕನ್ಯೆ ನೋಡಲು ಬಬಲೇಶ್ವರಕ್ಕೆ ಹೋದೆವು. "ಏನು ಉದ್ಯೋಗ ಮಾಡ್ತೀರಿ?" ಎಂದರು ಕನ್ಯೆಯ ತಂದೆ. ಕಾಕಾ ಕಾಲೇಜನ್ನೇ ಮರೆತು, "ಅಂಟೂದರ ಲೆಕ್ಕಾ ಮಾಡ್ತೀನ್ರಿ" ಎಂದರು.

"ಹಂಗಂದ್ರ ಗೋಂದಿನ ಅಂಗಡಿ ಐತೇನ್ರಿ?"

"ಇಲ್ರಿ, ರಕ್ತದಾಗ ಅಂಟೂದು!"

ಸಂಬಂಧ ಅಲ್ಲಿಗೇ ಮುರಿಯಿತು. ಕಾಕಾಗೆ ಬೇಸರವೇ? ತಿರುಗಿ ಬರುವ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಸಮೀಕರಣ ಬರೆಯುತ್ತಿದ್ದರು!

ಇನ್ನೊಮ್ಮೆ ನನ್ನನ್ನು ಸಿದ್ಧೇಶ್ವರ ಗುಡಿಯ ಹತ್ತಿರ ಟಾಂಗಾ ನಿಲ್ಲುವಲ್ಲಿಗೆ ಕರೆದೊಯ್ದರು. ಟಾಂಗಾದ ಹಾಗೆ ಹಿಮೋಗ್ಲೋಬಿನ್ನಿಗೂ ನಾಲ್ಕೇ ಸೀಟಂತೆ. ಮೊದಲನೆಯವ ಹತ್ತುವುದೇ ಕಷ್ಟ, ಅವನು ಹತ್ತಿದರೆ ಉಳಿದವರು ತಾವಾಗಿ ಬರುತ್ತಾರಂತೆ. ಖಾಲಿ ಟಾಂಗಾ ಹತ್ತಿ ತಾವೇ ಕೂತರು. ನೋಡನೋಡುತ್ತಲೇ ಮೂವರು ಹತ್ತಿದರು. "ನೋಡಿದ್ಯೇನು!" ಎಂದು ನನಗೆ ಕೂಗಿದವರೇ ಇಳಿದುಬಿಟ್ಟರು. ಟಾಂಗಾದ ಚಾಚಾ ಸಲಾಮು ಹೊಡೆದ: "ಸಾಹೇಬ್ರ, ನಾಳಿನೂ ಬರ್ರಿ. ನಿಮ್ಮ ಕಾಲ್ಗುಣ ಚಲೋ ಐತಿ!"

ಒಂದು ಚಳಿಗಾಲ ಅಕ್ಕ ಬಾಣಂತನಕ್ಕೆಂದು ಟಿಕೋಟಾದ ನಮ್ಮ ಮನೆಗೆ ಬಂದಿದ್ದಳು. ಹೆರಿಗೆಯಾದ ಮೇಲೆ ಒಂದು ರವಿವಾರ ಮುಂಜಾನೆ ಕಾಕಾ ಕೂಸನ್ನು ನೋಡಲು ಬಂದರು. ಅವ್ವ ಬಾಣಂತಿ ಕೋಣೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಒಳಗೆ ಕೆಂಡ ತುಂಬಿದ ಅಗ್ಗಿಷ್ಟಿಗಿ ಇಟ್ಟಿದ್ದಳು.

"ತಲಿಶೂಲಿ ಅಂತಿದ್ಲು, ಈಗ ಎಬ್ಬಿಸಿದ್ರೂ ಏಳವಲ್ಲಳು. ದೃಷ್ಟಿ ತಾಕೇತಿ" ಎಂದಳು ಅವ್ವ.

ಕಾಕಾ ಬಾಗಿಲನ್ನು ಒದ್ದೇಬಿಟ್ಟರು.

"ಬಾಣಂತಿಗೆ ಗಾಳಿ ಬಡೀತೈತಿ!" ಅವ್ವ ಚೀರಿದಳು.

"ಗಾಳಿನ ಬೇಕ್ರಿ ವೈನಿ! ಕೆಂಡದ ವಿಷ ರಕ್ತಕ್ಕ ಅಂಟೇತಿ. ಪ್ರಾಣವಾಯುಗೆ ಜಾಗಾನ ಬಿಡಂಗಿಲ್ಲ ಅದು!"

ಕೂಸನ್ನು ನನ್ನ ಕೈಗೆ ಕೊಟ್ಟು, ಅಕ್ಕನನ್ನು ಹೊತ್ತು ಅಂಗಳಕ್ಕೆ ತಂದರು. ಅಪ್ಪ ಡಾಕ್ಟರನ್ನು ಕರೆಯಲು ಓಡಿದ. ಬಯಲಿಗೆ ಬಂದದ್ದೇ ಕೂಸು ಕಿರುಚಿತು. ಅಕ್ಕ ಅಲುಗಲಿಲ್ಲ. ಕಾಕಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಉಸರ ತಗೋ ಯವ್ವಾ, ಇನ್ನೊಮ್ಮೆ ತಗೋ" ಎನ್ನುತ್ತಲೇ ಇದ್ದರು.

ಬಹಳ ಹೊತ್ತಿನ ಮೇಲೆ ಅಕ್ಕ ಕಣ್ಣು ತೆರೆದಳು.

"ಯಾಕ ಕಾಕಾ, ಅಳಾಕತ್ತೀರಿ?"

"ಏನಿಲ್ಲವ್ವಾ, ಕಣ್ಣಾಗ ಹೊಗಿ ಹೊಕ್ಕೈತಿ."

ಹೊಗೆಯೆಲ್ಲಿತ್ತು? ಇದ್ದದ್ದು ಬರೀ ಕೆಂಡ.