ಇಸ್ಪೀಟೆಲೆ ಬೀಳಿಸುವ ಹೊಸ ನಿಯಮದ ಕುರಿತು

ಮಾನ್ಯರೇ,

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮಾಲೀಕರೂ, ಅದರ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಇಸ್ಪೀಟು ಸಭೆಯ ಶಾಸಕರೂ ನ್ಯಾಯಾಧೀಶರೂ ಪೊಲೀಸರೂ ಆಗಿರುವ ತಮ್ಮ ಸನ್ನಿಧಿಗೆ, ಅದೇ ಸಭೆಯ ಖಾಯಂ ಸೋಲುಗಾರನೂ ಪ್ರೆಸ್ಸಿನಲ್ಲಿ ಕರಡು ತಿದ್ದುವವನೂ ಆದ ನಾನು, ಎದುರಿಗೆ ಹೇಳಿದರೆ ದಂಡ ಬೀಳುವ ಕಾರಣ ತಮ್ಮ ಅಂಗಡಿಯ ಬಾಗಿಲಿಗೇ ಅಂಟಿಸುತ್ತಿರುವ ದೂರು ಏನೆಂದರೆ:

ತಾವು ನಮಗೆ ಕಲಿಸಿದ, ಅಥವಾ ಕಲಿಸಲು ಖಡಾಖಂಡಿತವಾಗಿ ನಿರಾಕರಿಸಿದ ಆಟದಲ್ಲಿ ನಿಯಮವನ್ನು ಯಾರೂ ಹೇಳುವಂತಿಲ್ಲ, ಏನನ್ನೂ ಕೇಳುವಂತಿಲ್ಲ. ತಪ್ಪಿದವರು ಸುಮ್ಮನೆ ಎರಡೆಲೆ ಎತ್ತಿಕೊಳ್ಳಬೇಕು. ಕಳಾವರ್ ರಾಣಿ ಬಿದ್ದಾಗ ಕೆಮ್ಮಬೇಕೆಂದು ಕಂಡುಕೊಳ್ಳಲು ನನಗೆ ಇಡೀ ಬೇಸಿಗೆ ಹಿಡಿಯಿತು. ಕಂಡುಕೊಂಡ ವಾರವೇ ತಾವು ಆ ನಿಯಮ ರದ್ದು ಮಾಡಿದ್ದರಿಂದ, ಕೆಮ್ಮಿದ್ದಕ್ಕೆ ದಂಡ ಬಿತ್ತು. ನಮ್ಮ ಮೂರನೆಯ ಜೊತೆಗಾರ ದರ್ಜಿ ಮಹಾಶಯರಂತೂ ಬರೀ ನೆಗಡಿ-ಕೆಮ್ಮಿನ ಬಲದಿಂದ ಒಂದು ಆಟ ಗೆದ್ದರು. ಇದನ್ನೆಲ್ಲ ನಾನು ಹೊಗಳುತ್ತಿದ್ದೇನೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ನನ್ನ ತಕರಾರು ಹೊಸ ನಿಯಮದ ಬಗ್ಗೆ. ಹೋದ ತಿಂಗಳು ಆಟದ ನಡುವೆ ತಮ್ಮ ಎಡಗೈಯಿಂದ ಎಲೆಗಳೆಲ್ಲ ಜಾರಿ ನೆಲಕ್ಕೆ ಬಿದ್ದವು. ನಾನು ಗಾಬರಿಯಾಗಿ "ಏನಾಯ್ತೋ ಕೈಗೆ?" ಎಂದೆ. ತಾವು ಹುಬ್ಬು ಸಹ ಅಲುಗಿಸದೆ, "ಕೇಳ್ದೆ ಅಲ್ವಾ, ಎರಡು ತಗೋ. ಇದೂ ಒಂದು ರೂಲ್ಸೇ. ನೀವ್ಯಾಕೆ ಬೀಳಿಸ್ಲಿಲ್ಲ?" ಎಂದು ದರ್ಜಿಯವರಿಗೂ ನನಗೂ ದಂಡ ಹಾಕಿದಿರಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಕಾನೂನು ಮಾಡಿದ ಕೀರ್ತಿ ತಮ್ಮೊಬ್ಬರದೇ. ಅಂದಿನಿಂದ ತಮ್ಮ ಕೈ ಜಾರಿದಾಗಲೆಲ್ಲ ನಾವಿಬ್ಬರೂ ವಿಧೇಯರಾಗಿ ಎಲೆ ಬೀಳಿಸಿ, ಮೂವರೂ ಮೇಜಿನ ಕೆಳಗೆ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡು ಹೆಕ್ಕುತ್ತಿದ್ದೇವೆ.

ಈಗ ಆ ನಿಯಮ ಮೇಜು ದಾಟಿ ಅಂಗಡಿಗೂ ಬಂದಿದೆಯೆಂದು ತಮ್ಮ ಧರ್ಮಪತ್ನಿ, ನಮ್ಮ ಅತ್ತಿಗೆಯವರಿಂದ ತಿಳಿಯಿತು. ಬುಧವಾರ ಆಳೆತ್ತರದ ಗಾಜು ತಮ್ಮ ಕೈಯಿಂದ ಜಾರಿ ಚೂರಾಯಿತಂತೆ, ಗಿರಾಕಿ ಅಡ್ಡ ಬಂದ ಎಂದು ತಾವು ಅವರಿಗೆ ಹೇಳಿದಿರಂತೆ. ಗಾಜು ಕೊಯ್ದೇ ಹೊಟ್ಟೆ ಹೊರೆಯುವ ಕೈ ಅದು. ನನಗೆ ಭಯವಾಗಿದೆ, ಮಾನ್ಯರೇ. ರಾತ್ರಿ ಕರಡು ತಿದ್ದಲು ಕೂತರೂ ಆ ಕೈಯದೇ ಯೋಚನೆ.

ಆದ್ದರಿಂದ ಕೆಳಗೆ ಬಿದ್ದರೂ ಒಡೆಯಕೂಡದೆಂದು ತಾವು ಗಾಜಿಗೆ ಕಟ್ಟಪ್ಪಣೆ ಮಾಡಬೇಕು. ಅದು ಒಪ್ಪದಿದ್ದರೆ, ತಮ್ಮ ಎಡಗೈ ತನ್ನ ಕಷ್ಟವನ್ನು ತಾನೇ ಡಾಕ್ಟರ ಬಳಿ ಹೇಳಿಕೊಳ್ಳಲು, ತಾವು ನಡುವೆ ಬಾಯಿ ಹಾಕದಂತೆ, ಅನುಮತಿ ದಯಪಾಲಿಸಬೇಕೆಂದು ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ,
ಪ್ರೆಸ್ಸಿನವನು

ತಾ.ಕ.: ದರ್ಜಿಯವರೂ ನಾನೂ ಸೇರಿ ನಮ್ಮದೂ ಒಂದು ನಿಯಮ ಮಾಡಿದ್ದೇವೆ. ಅದರ ಪ್ರಕಾರ, ತಾವು ಬಾಗಿಲ ಮುಂದೆ ನಿಂತು ಈ ಸಾಲು ಓದುವ ಹೊತ್ತಿಗೆ ತಮ್ಮ ಬೆನ್ನ ಹಿಂದೆ ಟ್ಯಾಕ್ಸಿ ಬಂದು ನಿಂತಿರುತ್ತದೆ. ಒಳಗೆ ಅತ್ತಿಗೆ ಆಗಲೇ ಕೂತಿದ್ದಾರೆ. ಎಲ್ಲಿಗೆ ಎಂದು ಕೇಳುವಂತಿಲ್ಲ.