ರೋಗಗಳ ಪಾಲುಪಟ್ಟಿ

ಕೊಟ್ಟೂರಿನ ಆ ಓಣಿಯಲ್ಲಿ ಅವತ್ತು ಎದ್ದ ಗದ್ದಲಕ್ಕೆಲ್ಲ ಮೂಲ ಜಂಬಕ್ಕನ ಮೆಣಸಿನಕಾಯಿ. ಅವನ್ನು ಒಣಹಾಕಲು ಆಕೆ ಬೆಳಿಗ್ಗೆ ಮಾಳಿಗೆ ಹತ್ತದೆ ಇದ್ದಿದ್ದರೆ, ಪಕ್ಕದ ಮನೆಯ ಕ್ರಾಂತಿಕುಮಾರ ತನಗೆ ಕಜ್ಜಿ ಕೊಟ್ಟಿದ್ದಾನೆಂಬುದು ಆಕೆಗೆ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ.

ಈ ಕ್ರಾಂತಿಕುಮಾರ ಅಂಚೆ ಕಚೇರಿಯ ಹುಲುಗಪ್ಪನ ಒಬ್ಬನೇ ಮಗ. ರಷ್ಯಾಕ್ಕೆ ಹೋಗಿ, ಮೂಗಿನ ತುದಿ ಮರಗಟ್ಟುವ ಚಳಿಯಲ್ಲಿ ಓದಿ ಡಾಕ್ಟರಾಗಿ ಬಂದವನು. ಬಂದು ನೋಡಿದರೆ ಇಲ್ಲಿ ಹೊಸ ಕಾನೂನು ಕಾಯುತ್ತಾ ಕೂತಿತ್ತು. ಹೊರದೇಶದಲ್ಲಿ ಓದಿದವರು ದಿಲ್ಲಿಗೆ ಹೋಗಿ ಮತ್ತೊಂದು ಪರೀಕ್ಷೆ ಪಾಸು ಮಾಡಬೇಕು. ಅಲ್ಲಿಯತನಕ ಯಾರಿಗೂ ಒಂದು ನೆಗಡಿ ಗುಳಿಗೆಯನ್ನೂ ಬರೆದುಕೊಡುವ ಹಾಗಿಲ್ಲ. ಕ್ರಾಂತಿ ಎರಡು ಸಲ ಬರೆದ, ಎರಡು ಸಲವೂ ಡುಮ್ಕಿ ಹೊಡೆದ. ಕೈಕೊಟ್ಟದ್ದು ಪೆಥಾಲಜಿ ಮತ್ತು ಫಾರ್ಮಕಾಲಜಿ. ಯಾವ ರೋಗ ಬಂದರೆ ಮೈಯೊಳಗೆ ಏನು ಕೆಡುತ್ತದೆ, ಯಾವ ಔಷಧಿ ಕೊಟ್ಟರೆ ಅದರ ಜೊತೆ ಇನ್ನೇನು ಕೆಡುತ್ತದೆ ಎಂಬ ಸಾವಿರ ಸಂಗತಿಗಳು ಮನೆಯಲ್ಲಿ ಸರಿಯಾಗಿಯೇ ಇರುತ್ತಿದ್ದವು. ಪರೀಕ್ಷೆಯ ಕೋಣೆಗೆ ಹೋದೊಡನೆ ಮದುವೆಮನೆ ಮುಂದಿನ ಚಪ್ಪಲಿಗಳ ಹಾಗೆ ಅದಲುಬದಲಾಗಿಬಿಡುತ್ತಿದ್ದವು.

ಓಣಿಯವರು ಅವನನ್ನು ಕಂಡಾಗಲೆಲ್ಲ ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಕರೆದು ತುಸು ನಗುತ್ತಿದ್ದರು. ಆ ನಗು ಅವನಿಗೆ ಮುಳ್ಳು ಮುರಿದಂತೆ ಚುಚ್ಚುತ್ತಿತ್ತು.

ಮೂರನೆಯ ಸಲಕ್ಕೆ ಅವನಿಗೊಂದು ಉಪಾಯ ಹೊಳೆಯಿತು. ರೋಗಕ್ಕೊಂದು ಮುಖ ಕೊಟ್ಟರೆ ಅದು ಮರೆಯುವುದಿಲ್ಲ. ಓಣಿಯ ಮುಖಗಳಂತೂ ಅವನಿಗೆ ಹುಟ್ಟಿದಾಗಿನಿಂದ ಬಾಯಿಪಾಠ. ಸರಿ, ಒಬ್ಬೊಬ್ಬರಿಗೂ ಒಂದೊಂದು ರೋಗ ಹಂಚಿಬಿಟ್ಟ. ಹಂಚಿದ ಮೇಲೆ ನೋಡಬೇಕು, ಏನು ಕೇಳಿದರೂ ತಟ್ಟನೆ ಉತ್ತರ. ಅವತ್ತೇ ಮಧ್ಯಾಹ್ನ ಹೊಸಪೇಟೆ ಬಸ್ಸು, ಸಂಜೆ ರೈಲು, ಆಮೇಲೆ ದಿಲ್ಲಿ, ಈ ಸಲ ಪಾಸೇ ಪಾಸು ಅಂತ ಅವನ ಎದೆ ಡೊಳ್ಳಾಗಿತ್ತು. ಮಾಳಿಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಅಡ್ಡಾಡುತ್ತಾ ಗಟ್ಟಿಯಾಗಿ ಒಪ್ಪಿಸುತ್ತಿದ್ದ.

"ಜಂಬಕ್ಕಗ ಕಜ್ಜಿ. ಬೆರಳ ಸಂದ್ಯಾಗ ತುರಿಕಿ, ರಾತ್ರಿ ಹೆಚ್ಚು. ಪರ್ಮೆಥ್ರಿನ್ ಹಚ್ಚಬೇಕು. ಆಕಿ ಒಬ್ಬಾಕಿಗಲ್ಲ, ಮನಿ ಮಂದಿಗೆಲ್ಲ."

ಮೊರ ಹಿಡಿದಿದ್ದ ಜಂಬಕ್ಕನ ಕೈ ಅಲ್ಲೇ ನಿಂತಿತು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಅಂಗಡಿ ಇಟ್ಟು ಬದುಕು ಮಾಡಿದ ಹೆಂಗಸು ಆಕೆ. ಹಿಟ್ಟು ಕಲಸುವ ಕೈಗೇ ಕಜ್ಜಿ ಅಂದರೆ ಅಂಗಡಿಗೆ ಬೀಗ ಬಿತ್ತೆಂದೇ ಲೆಕ್ಕ. ಮೆಣಸಿನಕಾಯಿ ಅಲ್ಲೇ ಬಿಟ್ಟು ದಡದಡ ಇಳಿದು ಹುಲುಗಪ್ಪನ ಮನೆ ಮುಂದೆ ನಿಂತಳು.

"ಲೇ ಕ್ರಾಂತಿ, ಕೆಳಗ ಬಾ. ಊರ ಮಂದಿ ಎಲ್ಲಾ ನನ್ನ ಕೈಯಾಗಿನ ಮಿರ್ಚಿ ತಿಂತೈತಿ. ಯಾವಾಗ ನೋಡೀಯಲೇ ನನ್ನ ಕೈಯಾಗ ಕಜ್ಜಿ?"

ಕ್ರಾಂತಿ ಬಂದು ಕೈ ಮುಗಿದ. ಅದು ನಿಜವಾದ ಕಜ್ಜಿಯಲ್ಲ, ನೆನಪಿಗೆಂದು ಇಟ್ಟುಕೊಂಡ ಕಜ್ಜಿ, ಹಾಗೆ ಓಣಿಯವರಿಗೆಲ್ಲ ಒಂದೊಂದು ಕೊಟ್ಟೀನಿ ಎಂದು ಬಿಡಿಸಿ ಹೇಳಿದ. ಹೇಳಬಾರದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಒಬ್ಬಳ ಜಗಳದಲ್ಲಿ ಮುಗಿಯುತ್ತಿತ್ತು. ಎಲ್ಲರಿಗೂ ಕೊಟ್ಟಿದ್ದಾನೆ ಎಂದದ್ದೇ ತಡ, ನಳದ ಮುಂದೆ ಕೊಡ ಇಟ್ಟವರು, ಹಲ್ಲುಜ್ಜುತ್ತಿದ್ದವರು, ಎಲ್ಲರೂ ಬಂದು ಸುತ್ತುಗಟ್ಟಿದರು. ನನಗೇನು ಕೊಟ್ಟೀ, ನನಗೇನು ಕೊಟ್ಟೀ ಅಂತ ರೇಷನ್ ಅಂಗಡಿ ಮುಂದೆ ಕೇಳಿದ ಹಾಗೆ ಕೇಳತೊಡಗಿದರು.

ಮೊದಲು ಮುಂದೆ ಬಂದವರು ಗೊಬ್ಬರದ ಅಂಗಡಿಯ ಶಿವಯೋಗಪ್ಪ. ಓಣಿಗೆ ಹಿರಿಯರು, ಯಾವ ತಂಟೆ ಬಂದರೂ ಬಗೆಹರಿಸುವವರು. ಅವರ ಪಾಲಿಗೆ ಬಂದದ್ದು ಗೌಟು. ರಕ್ತದಲ್ಲಿ ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಬಾತುಕೊಳ್ಳುವ ರೋಗ. ಕ್ರಾಂತಿ ಹೆದರುತ್ತಲೇ ಹೇಳಿ, ಸಿಟ್ಟಾಗದಿರಲೆಂದು, ಹಿಂದಿನ ಕಾಲದಲ್ಲಿ ಇದನ್ನು ರಾಜರ ರೋಗ ಅಂತಿದ್ದರು ಸಾವ್ಕಾರ್ರ ಎಂದು ಸೇರಿಸಿದ. ಶಿವಯೋಗಪ್ಪನವರ ಮುಖ ಅರಳಿತು. ಹೆಗಲ ಮೇಲಿನ ಟವೆಲನ್ನು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡರು. ಜಂಬಕ್ಕನಿಗೆ ಮೈಯೆಲ್ಲ ಉರಿಯಿತು. ಅವರಿಗೆ ರಾಜರ ರೋಗ, ನನಗೆ ತುರಿಕೆ, ಯಾವ ಸೀಮೆಯ ನ್ಯಾಯ ಇದು ಎಂದು ಕೇಳಿದಳು.

ದರ್ಜಿ ಎರ್ರೆಪ್ಪನ ಪಾಲಿಗೆ ಟಿ.ಬಿ. ಬಂದಿತ್ತು. ಅದಕ್ಕೆ ಕೊಡುವ ಒಂದು ಗುಳಿಗೆಯಿಂದ ಕೆಂಪು ಹಸಿರು ಗುರುತು ಸಿಗುವುದಿಲ್ಲ; ಎರ್ರೆಪ್ಪ ಕೆಂಪು ಜಾಕೀಟಿಗೆ ಹಸಿರು ದಾರ ಹಾಕಿ ಹೊಲಿದ ಹಾಗೆ ಊಹಿಸಿಕೊಂಡರೆ ಎಥಾಂಬ್ಯುಟಾಲ್ ಎಂಬ ಹೆಸರು ತಾನಾಗಿಯೇ ನಾಲಿಗೆಗೆ ಬರುತ್ತಿತ್ತು. ಇದನ್ನು ಕೇಳಿ ಎರ್ರೆಪ್ಪ ಅಳುವುದೊಂದು ಬಾಕಿ. ಮಗಳ ನಿಶ್ಚಿತಾರ್ಥ ಹತ್ತಿರ ಬಂದೈತಿ, ಹಡಗಲಿಯ ಬೀಗರ ಕಿವಿಗೆ ಬಿದ್ದರೆ ನನ್ನ ಗತಿಯೇನು ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಅಷ್ಟರಲ್ಲಿ ಶಿವಯೋಗಪ್ಪನವರ ಹೆಂಡತಿ ಕಲ್ಯಾಣಮ್ಮ ಗುಂಪು ಸೀಳಿಕೊಂಡು ಬಂದರು. ಅವರು ಬಾಯಿ ತೆಗೆದರೆ ಓಣಿಯ ನಾಯಿಗಳೂ ಬಾಲ ಮುದುರಿಕೊಳ್ಳುತ್ತಿದ್ದವು. ಕ್ರಾಂತಿ ಎರಡು ಹೆಜ್ಜೆ ಹಿಂದೆ ಸರಿದ. ಏಕೆಂದರೆ ಅವರಿಗೆ ಅವನು ಕೊಟ್ಟದ್ದು ಹುಚ್ಚುನಾಯಿ ಕಡಿತದ ರೋಗ.

"ಹೇಳಪ್ಪ ತಮ್ಮಾ, ನನಗೇನು ಕೊಟ್ಟೀ?" ಎಂದರು ಕಲ್ಯಾಣಮ್ಮ, ಬಲು ಮೆತ್ತಗೆ.

ಅವನ ಬದಲು ಪಕ್ಕದಲ್ಲಿದ್ದ ಜಂಬಕ್ಕ ಹೇಳಿದಳು. ನಿನ್ನೆ ಮಾಳಿಗೆಯ ಮೇಲೆ ಅದನ್ನೂ ಕೇಳಿಸಿಕೊಂಡಿದ್ದಳಂತೆ. ಆಗ ನಗು ಬಂದಿತ್ತಂತೆ. ಆಮೇಲೆ ಕಲ್ಯಾಣಮ್ಮ ಏನೇನು ಅಂದರು ಎಂಬುದನ್ನು ಬರೆಯುವುದು ಬೇಡ. ರೋಗದ ಲಕ್ಷಣ ಒಂದೂ ಬಿಡದೆ ಅವರಲ್ಲಿ ಕಾಣಿಸಿತು ಎಂದರೆ ಸಾಕು.

ಶಿವಯೋಗಪ್ಪನವರ ಅಂಗಡಿ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಕ್ರಾಂತಿ ರೋಗ ಬದಲಿಸಿಕೊಡಲು ಒಪ್ಪಿದ. ಗೌಟನ್ನು ಜಂಬಕ್ಕನಿಗೆ ಕೊಡಲು ಹೋದರೆ ಶಿವಯೋಗಪ್ಪ ಬಿಡಲಿಲ್ಲ. ಎರ್ರೆಪ್ಪ ಸಕ್ಕರೆ ಕಾಯಿಲೆಗೆ ಸೈ ಎಂದ. ಅದು ಆಗಲೇ ತನ್ನದು ಎಂದು ಇನ್ನೊಬ್ಬರು ತಕರಾರು ತೆಗೆದರು. ಹುಚ್ಚುನಾಯಿ ರೋಗಕ್ಕಂತೂ ಗಿರಾಕಿಯೇ ಇಲ್ಲ. ಬದಲಿಸಿದಷ್ಟೂ ಕ್ರಾಂತಿಯ ತಲೆಯೊಳಗೆ ಎಲ್ಲ ಕಲಸುಮೇಲೋಗರ. ಕಜ್ಜಿ ಅಂದರೆ ಎರ್ರೆಪ್ಪ ಕಾಣುತ್ತಾನೆ, ಟಿ.ಬಿ. ಅಂದರೆ ಮಿರ್ಚಿ ಕಾಣುತ್ತದೆ. ಈ ಸಲವೂ ನಾ ಕೆಟ್ಟೆ ಎಂದು ಅವನಿಗೆ ಅಳು ಒತ್ತರಿಸಿ ಬಂತು.

ಕಡೆಗೆ ಅವನ ತಾಯಿ ಗಿಡ್ಡಮ್ಮ ಒಳಗಿನಿಂದ ಬಂದಳು. "ಯಾರಿಗೂ ಬ್ಯಾಡ್ರಿ. ಓದಾವ ಇವ, ಎಲ್ಲಾ ರೋಗನೂ ಇವನೇ ಇಟ್ಗಳ್ಳಿ," ಎಂದಳು.

ಎಲ್ಲರಿಗೂ ಹಾಲು ಕುಡಿದಷ್ಟು ಸಂತೋಷವಾಯಿತು. ಇವತ್ತಿನಿಂದ ಈ ಓಣಿಯಲ್ಲಿ ಯಾರಿಗೂ ಯಾವ ರೋಗವೂ ಇಲ್ಲ, ಎಲ್ಲವೂ ಕ್ರಾಂತಿಕುಮಾರನದೇ, ಯಾರು ಬಂದು ಕೇಳಿದರೂ ಎಲ್ಲರದ್ದೂ ಒಂದೇ ಮಾತು ಎಂದು ಶಿವಯೋಗಪ್ಪನವರು ತೀರ್ಮಾನ ಹೇಳಿದರು. ಹೇಳುವಾಗ ಮಾತ್ರ ಅವರ ಮುಖ ಯಾಕೋ ಸಪ್ಪಗಿತ್ತು.

ಅಚ್ಚರಿಯೆಂದರೆ, ಈ ದಾರಿ ಮೊದಲಿನದಕ್ಕಿಂತ ಚೆನ್ನಾಗಿತ್ತು. ಸ್ವಂತ ಮೈಗೆ ಬಂದ ರೋಗವನ್ನು ಯಾವನು ತಾನೇ ಮರೆಯುತ್ತಾನೆ? ನನಗೆ ಗೌಟು ಅಂದುಕೊಂಡರೆ ಹೆಬ್ಬೆರಳು ಮಿಡಿಯುತ್ತಿತ್ತು, ನನಗೆ ಕಜ್ಜಿ ಅಂದುಕೊಂಡರೆ ಕೈ ಕೆರೆತ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಇಡೀ ಪುಸ್ತಕವೇ ಬಂದಿತ್ತು, ಅದೂ ತಲೆಗಲ್ಲ, ಮೈಗೆ. ಇಡೀ ಓಣಿಯೇ ಬಂದು ಅವನನ್ನು ಬಸ್ಸು ಹತ್ತಿಸಿತು. ಪಾಸಾಗಿ ಬಾ ಎಂದು ಕಲ್ಯಾಣಮ್ಮನವರೇ ಹಣೆಗೆ ವಿಭೂತಿ ಹಚ್ಚಿದರು. ಕ್ರಾಂತಿಗೆ ರೆಕ್ಕೆ ಬಂದಂತಾಯಿತು.

ಬಸ್ಸು ಊರು ದಾಟಿದ್ದೇ ಅವನು ಕಣ್ಣು ಮುಚ್ಚಿ ಶುರುಮಾಡಿದ. ಪಕ್ಕದಲ್ಲಿ ಬೊಮ್ಮಮ್ಮ ಎಂಬ ಮುದುಕಿ ಕೂತಿದ್ದಳು. ಹಗರಿಬೊಮ್ಮನಹಳ್ಳಿ ಬರುವತನಕ ಆಕೆ ಗೌಟು, ಟಿ.ಬಿ. ಎಲ್ಲವನ್ನೂ ಕೇಳಿ, ಪಾಪ ಈ ವಯಸ್ಸಿಗೇ ಎಷ್ಟೊಂದು ಎಂದು ಮರುಗುತ್ತಾ ಬಂದಳು. ಆ ಊರೂ ದಾಟಿದ ಮೇಲೆ ಅವನು ಉತ್ಸಾಹದಲ್ಲಿ ದನಿ ಏರಿಸಿದ.

"ನನಗ ಹುಚ್ಚುನಾಯಿ ಕಡದೈತಿ. ಕಡದ ಜಾಗ ಜುಮು ಜುಮು ಅಂತೈತಿ. ಗಾಳಿ ಬಡದ್ರ ಹೆದರಿಕಿ. ನೀರು ಕಂಡ್ರ ಗಂಟಲು ಬಿಗಿತೈತಿ."

ಬೊಮ್ಮಮ್ಮ ಮೊದಲು ಕಿಟಕಿ ಮುಚ್ಚಿದಳು. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು, ಒಂದು ಗುಟುಕು ಕುಡಿ ಮಗನ ಎಂದು ಅವನ ಮುಖದ ಮುಂದೆ ಹಿಡಿದಳು. ಮೆದುಳಿನಲ್ಲಿ ಕಾಣುವ ನೆಗ್ರಿ ಬಾಡಿ ಎಂಬ ಗುರುತಿನ ತನಕ ಬಂದಿದ್ದ ಕ್ರಾಂತಿ, ಓಟ ತಪ್ಪೀತೆಂದು ಕಣ್ಣು ಕೆಂಪಗೆ ಮಾಡಿ ಅದನ್ನು ತಳ್ಳಿಬಿಟ್ಟ. ಅಷ್ಟು ಸಾಕಾಯಿತು. ಮುದುಕಿ ಸೀಟು ಹಾರಿದಳು. ಮುಂದಿನವರು ಹಿಂದಕ್ಕೆ, ಹಿಂದಿನವರು ಇನ್ನೂ ಹಿಂದಕ್ಕೆ ಹೋದರು. ಕಂಡಕ್ಟರ್ ಓಬಳೇಶ ದಯವಂತ ಮನುಷ್ಯ. ಅವನನ್ನು ನಡುದಾರಿಯಲ್ಲಿ ಇಳಿಸಲಿಲ್ಲ. ಹಿಂದಿನಿಂದ ಬಂದು ಟವೆಲಿನಿಂದ ಕೈ ಕಟ್ಟಿ, ದಾರಿಯಲ್ಲಿ ಸಿಕ್ಕ ಆಸ್ಪತ್ರೆಯ ಬಾಗಿಲಿಗೇ ಬಸ್ಸು ತಿರುಗಿಸಲು ಡ್ರೈವರನಿಗೆ ಹೇಳಿದ.

ಅಲ್ಲಿದ್ದವರು ಹಂಪೇಶ್ ಎಂಬ ಎಳೆಯ ಡಾಕ್ಟರು, ಕೆಲಸಕ್ಕೆ ಹೊಸಬರು. ಪುಸ್ತಕದಲ್ಲಷ್ಟೇ ಓದಿದ್ದ ರೋಗ ಕಾಲ ಮೇಲೆ ನಡೆದುಕೊಂಡು ಬಂದದ್ದಕ್ಕೆ ಅವರಿಗೆ ಮೈ ಜುಮ್ಮೆಂದಿತು. ಕಡಿದು ಎಷ್ಟು ದಿನಕ್ಕೆ ಶುರುವಾಯಿತು ಎಂದು ಕೇಳಿದರು. ಕ್ರಾಂತಿಯ ಬಾಯಿ ಪರೀಕ್ಷೆಯ ಲಹರಿಯಲ್ಲಿತ್ತು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಎಂದುಬಿಟ್ಟ. ಗಂಟಲಿಗೆ ಏನಾಗುತ್ತದೆ ಎಂದರೆ ಅದಕ್ಕೂ ಉತ್ತರ, ಗಾಳಿ ಬೀಸಿದರೆ ಎಂದರೆ ಅದಕ್ಕೂ ಉತ್ತರ. ಒಂದೂ ತಪ್ಪಲಿಲ್ಲ. ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ಅವನಿಗೇ ಹೊಳೆದು, ನಾನೂ ಡಾಕ್ಟರೇ ಸಾರ್ ಎಂದು ಬೇಡಿಕೊಂಡ. ರಿಜಿಸ್ಟ್ರೇಶನ್ ನಂಬರ್ ಹೇಳಿ ಅಂದರು ಅವರು. ದಿಲ್ಲಿಯ ಪರೀಕ್ಷೆ ಪಾಸಾಗದವನಿಗೆ ಎಲ್ಲಿಯ ನಂಬರು? ಗಾಬರಿಗೆ ಬಾಯಿಂದ ರಷ್ಯನ್ ಭಾಷೆ ಹೊರಟಿತು. ದಾರಿಯುದ್ದಕ್ಕೂ ಹಿಂಗ ಏನೇನೋ ಒದರಾಕತ್ತಾನ್ರಿ ಎಂದು ಓಬಳೇಶ ಸಾಕ್ಷಿ ಹೇಳಿದ. ನೀರು ಕುಡಿದು ತೋರಿಸುತ್ತೇನೆಂದು ಕ್ರಾಂತಿ ಲೋಟ ತರಿಸಿಕೊಂಡ. ಅವಸರಕ್ಕೆ ನೆತ್ತಿಗೇರಿ ಗೋಡೆಗೆಲ್ಲ ಉಗುಳಿದ. ಅವನನ್ನು ಒಂಟಿ ಕೋಣೆಗೆ ಹಾಕಿ ಚಿಲಕ ಹಾಕಿದರು.

ರೈಲಿನ ಹೊತ್ತು ಹತ್ತಿರ ಬರುತ್ತಿತ್ತು. ಕ್ರಾಂತಿ ಕಿಟಕಿಯ ಸರಳು ಹಿಡಿದು, ಕೊಟ್ಟೂರಿಗೆ ಒಂದೇ ಒಂದು ಫೋನ್ ಮಾಡಿ ಸಾರ್, ಶಿವಯೋಗಪ್ಪನೋರು ಅಂತ ಅದಾರ, ಓಣಿಗೆ ಹಿರಿಯರು, ಅವರು ನಿಜ ಹೇಳ್ತಾರ ಎಂದು ಅತ್ತ. ಅಂಗಡಿಯ ನಂಬರು ಹೇಳಿದ. ಡಾಕ್ಟರು ಮರುಗಿ ಆ ನಂಬರಿಗೆ ಫೋನು ಹಚ್ಚಿದರು. ಫೋನು ಹತ್ತಿದಾಗ ಕ್ರಾಂತಿಗೆ ಹೋದ ಜೀವ ಬಂದಂತಾಯಿತು.

ಡಾಕ್ಟರು, ಆಸ್ಪತ್ರೆಯಿಂದ ಮಾತಾಡುತ್ತಿರುವುದು, ಕ್ರಾಂತಿಕುಮಾರನಿಗೆ ಹುಚ್ಚುನಾಯಿ ರೋಗ ಇರುವುದು ನಿಜವೇ, ನಿಮ್ಮ ಓಣಿಯಲ್ಲಿ ಇನ್ನೂ ಯಾರಿಗಾದರೂ ಇದೆಯೇ ಎಂದು ಕೇಳಿದರು. ಶಿವಯೋಗಪ್ಪನವರು ಫೋನಿನಲ್ಲಿ ಮಾತಾಡಿದರೆ ನಾಲ್ಕು ಕೋಣೆಗೆ ಕೇಳುತ್ತಿತ್ತು.

"ಇಲ್ರಿ ಸಾಹೇಬ್ರ, ನಮ್ಮ ಓಣ್ಯಾಗ ಯಾರಿಗೂ ಏನೂ ಇಲ್ಲ. ಹುಚ್ಚುನಾಯಿ, ಟಿ.ಬಿ., ಕಜ್ಜಿ, ಎಲ್ಲಾ ಆ ಹುಡುಗಂದೇ. ಪಂಚಾಯ್ತಿ ಕೂತು ತೀರ್ಮಾನ ಆಗೈತ್ರಿ, ಬೇಕಾರ ನಾಕು ಮಂದಿ ಬಂದು ಹೇಳ್ತಾರ."

ಆಮೇಲೆ ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡವರಂತೆ ದನಿ ತಗ್ಗಿಸಿದರು. ಆದರೂ ಕೋಣೆಯೊಳಗಿದ್ದವನಿಗೆ ಅದೂ ಕೇಳಿಸಿತು.

"ಗೌಟು ಒಂದು ಮಾತ್ರ ನಂದು ಅಂತ ಬರಕೋರಿ. ಅದನ್ನ ಆತಗ ಹಚ್ಚಬ್ಯಾಡ್ರಿ."